ಒಣಗಿದ ಹೊಲಿಗೆ, ಆರದ ನೋವು

ನಮ್ಮ ತೆಲಸಂಗದಲ್ಲಿ ಟೊಂಕನೋವಿನವರು ಒಬ್ಬರೂ ಇಲ್ಲದ ಮನೆಯನ್ನು ಹುಡುಕುವುದು ಕಷ್ಟ. ಅಥಣಿಗೂ ವಿಜಯಪುರಕ್ಕೂ ನಡುವೆ ಇರುವ ಈ ಊರಿನದು ಮಳೆಯನ್ನು ನಂಬಿ ಕೂತ ನೆಲ. ಕೊಳವೆಬಾವಿಯಲ್ಲಿ ನೀರಿದ್ದವರು ದ್ರಾಕ್ಷಿ ಬೆಳೆಯುತ್ತಾರೆ, ಇಲ್ಲದವರು ಜೋಳ ಬಿತ್ತಿ ಮುಗಿಲು ನೋಡುತ್ತಾರೆ. ದ್ರಾಕ್ಷಿಯ ಚಾಟಣಿಗೆ ಹೋದ ಆಳು ದಿನವಿಡೀ ಕತ್ತೆತ್ತಿ ನಿಲ್ಲಬೇಕು. ಜೋಳ ಕೊಯ್ಯಲು ಹೋದವಳು ದಿನವಿಡೀ ಬಗ್ಗಿರಬೇಕು. ಕೃಷ್ಣೆಯ ದಂಡೆಗೆ ಕಬ್ಬು ಕಡಿಯಲು ಹೋದವರು ಹೊರೆ ಹೊತ್ತು ಹಲಗೆಯ ಮೇಲೆ ನಡೆದು ಲಾರಿ ಏರಬೇಕು. ಬೇಸಿಗೆಯಲ್ಲಿ ನೀರು ಬಂದ ಕಡೆಗೆ ಓಡುವ ಹೆಂಗಸರ ಟೊಂಕದ ಮೇಲೆ ಕೊಡ ಇದ್ದೇ ಇರುತ್ತದೆ. ಇಷ್ಟೆಲ್ಲ ಹೊರುವ ಅಂಗಕ್ಕೆ ಕನ್ನಡದಲ್ಲಿ ಟೊಂಕ ಎನ್ನುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲಿ ಅದು ಕಮರ್. ಗಡಿಯಾಚೆಯ ಮರಾಠಿಯಲ್ಲಿ ಕಂಬರ. ಹೆಸರು ಮೂರಿದ್ದರೂ ನೋವು ಬಂದಾಗ ಮೂರೂ ಭಾಷೆಯವರು ಹೇಳುವ ಮಾತು ಒಂದೇ: ಸ್ವಲ್ಪ ತಾಳಿಕೋ, ಹೋಗುತ್ತದೆ.

ಬಹಳಷ್ಟು ಸಲ ಅದು ಹೋಗುತ್ತದೆ ಎನ್ನುವುದೂ ನಿಜವೇ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ನಮ್ಮ ಕಡೆ ಅವನ್ನು ಗಾದಿ ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ಹೊರಗೆ ಗಟ್ಟಿಯಾದ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ನಡೆಯುವಾಗ, ಜಿಗಿಯುವಾಗ, ಭಾರ ಎತ್ತುವಾಗ ಎಲುಬಿಗೆ ಎಲುಬು ತಾಕದಂತೆ ನೋಡಿಕೊಳ್ಳುವುದು ಇದರ ಕೆಲಸ. ನಾರಿನ ಸುತ್ತು ಹರಿದು ಒಳಗಿನ ತಿರುಳು ಹೊರಗೆ ಉಬ್ಬಿ ಪಕ್ಕದ ನರವನ್ನು ಒತ್ತಿದರೆ, ಆ ನರ ಹೋಗುವ ದಾರಿಯುದ್ದಕ್ಕೂ ಪೃಷ್ಠದಿಂದ ಪಾದದವರೆಗೆ ಸೆಳೆತ ಶುರುವಾಗುತ್ತದೆ. ಇಂಥವರಲ್ಲಿ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ, ತಪ್ಪಿದರೆ ಎರಡು ಮೂರು ತಿಂಗಳಲ್ಲಿ, ಚಾಕು ಮುಟ್ಟದೆಯೇ ಗುಣವಾಗುತ್ತದೆ. ಗುಣವಾಗದೆ ಉಳಿದವರಿಗೆ, ಕಾಲು ಬಲ ಕಳೆದುಕೊಳ್ಳುತ್ತಾ ಹೋಗುವವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೂತ್ರದ ಹಿಡಿತ ತಪ್ಪಿದವರಿಗಂತೂ ಅದು ತಡಮಾಡದೆ ಆಗಬೇಕು. 1934ರಲ್ಲಿ ಅಮೆರಿಕದ ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು ಈ ಕಾಲುಸೆಳೆತಕ್ಕೆ ಮೂಲ ಒಡೆದ ಬಿಲ್ಲೆಯೇ ಎಂದು ತೋರಿಸಿಕೊಟ್ಟರು. ಆ ಚೂರನ್ನು ತೆಗೆದರೆ ರೋಗಿ ಎದ್ದು ನಡೆಯುತ್ತಾನೆ ಎಂಬುದು ಅಲ್ಲಿಂದ ಮುಂದೆ ಜಗತ್ತಿಗೆಲ್ಲ ತಿಳಿಯಿತು.

2018ರ ಬೇಸಿಗೆಯಲ್ಲಿ ನಾನೂ ಹಾಗೆ ಎದ್ದು ನಡೆದವಳು.

ನಮ್ಮ ಭಾಗದವರು ದೊಡ್ಡ ಕಾಯಿಲೆಗೆ ಗಡಿ ದಾಟುವುದು ಹೊಸದೇನಲ್ಲ. ಕೆನಡಾದಿಂದ ಬಂದ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಆ ಊರು ದವಾಖಾನೆಗಳ ಊರಾಗಿಯೇ ಬೆಳೆಯಿತು. ನನ್ನ ದಾದಿಯ ಕಾಲದಲ್ಲಿ ಒಬ್ಬರನ್ನು ಮಿರಜಕ್ಕೆ ಒಯ್ದರು ಎಂದರೆ ಕಾಯಿಲೆ ದೊಡ್ಡದು ಎಂದೇ ಅರ್ಥ. ಈಗ ಮಿರಜ, ಸಾಂಗಲಿ, ಕೊಲ್ಲಾಪುರ, ಬೆಳಗಾವಿ, ವಿಜಯಪುರ ಎಲ್ಲ ಕಡೆಯೂ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡುವವರಿದ್ದಾರೆ. ಅಂಥ ಊರುಗಳಲ್ಲೊಂದರ ಖಾಸಗಿ ಆಸ್ಪತ್ರೆಯಲ್ಲಿ ನನ್ನ ಟೊಂಕದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಬಿಲ್ಲೆಯ ಚೂರನ್ನು ತೆಗೆದರು. ಅದಕ್ಕೆ ಮೊದಲು ಮೂರು ತಿಂಗಳು ಮಾತ್ರೆ, ವ್ಯಾಯಾಮ, ಬೆಲ್ಟು ಎಲ್ಲ ಮುಗಿದಿತ್ತು. ಎಡಗಾಲಿನ ಹೆಬ್ಬೆರಳು ಮೇಲೇಳುತ್ತಿರಲಿಲ್ಲ. ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುತ್ತಿರಲಿಲ್ಲ.

ಆಪರೇಷನ್ ಆದ ಮರುದಿನವೇ ಕಾಲಿನ ಸೆಳೆತ ಇಲ್ಲವಾಗಿತ್ತು. ಐದನೆಯ ದಿನ ಮನೆಗೆ ಬಂದೆ. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಗಾಯ ಒಣಗಿ ಸಣ್ಣ ಗೆರೆಯಾಗಿತ್ತು. ಬಂದು ಹೋಗುವವರಿಗೆಲ್ಲ ನಮ್ಮ ಅಮ್ಮಿ ಆ ಗೆರೆ ತೋರಿಸಿ, ನೋಡಿ, ಬೆರಳುದ್ದವೂ ಇಲ್ಲ, ಎನ್ನುತ್ತಿದ್ದರು. ಮೂರು ತಿಂಗಳಿನಿಂದ ಕೂತು ಬರೆಯಲಾಗದೆ ಅರ್ಧಕ್ಕೆ ನಿಂತಿದ್ದ ಒಂದು ಕಥೆಯನ್ನು ಮತ್ತೆ ಕೈಗೆ ತೆಗೆದುಕೊಂಡೆ.

ಹದಿನೆಂಟನೆಯ ದಿನದ ರಾತ್ರಿ ಮಗ್ಗುಲು ಬದಲಿಸುವಾಗ ಟೊಂಕದೊಳಗೆ ಏನೋ ಕಚ್ಚಿ ಹಿಡಿದಂತಾಯಿತು. ಬೆಳಗಾಗುವ ಹೊತ್ತಿಗೆ ಕಾಲು ಮಡಚಲು, ಕೆಮ್ಮಲು, ಜೋರಾಗಿ ಉಸಿರೆಳೆಯಲು ಹೆದರಿಕೆ. ಮಂಚದ ಕಾಲಿಗೆ ಯಾರಾದರೂ ಎಡವಿದರೆ ನಾನು ಕಿರುಚುತ್ತಿದ್ದೆ. ಹೆರಿಗೆಯ ನೋವನ್ನು ಎರಡು ಸಲ ಕಂಡವಳು ನಾನು. ಆ ನೋವಿಗೆ ನಡುನಡುವೆ ಬಿಡುವು ಇರುತ್ತದೆ. ಇದಕ್ಕೆ ಬಿಡುವು ಇರಲಿಲ್ಲ. ಆದರೆ ಜ್ವರ ಇರಲಿಲ್ಲ. ಗಾಯ ಕೆಂಪಾಗಿರಲಿಲ್ಲ, ಕೀವಿರಲಿಲ್ಲ. ಹೊರಗಿನಿಂದ ನೋಡುವವರಿಗೆ ನನ್ನಲ್ಲಿ ಯಾವ ಕಾಯಿಲೆಯೂ ಕಾಣುತ್ತಿರಲಿಲ್ಲ.

ಆಸ್ಪತ್ರೆಗೆ ಫೋನು ಮಾಡಿದೆವು. ಜ್ವರ ಇದೆಯೇ ಎಂದರು, ಇಲ್ಲ ಎಂದೆವು. ಗಾಯ ಸೋರುತ್ತಿದೆಯೇ ಎಂದರು, ಇಲ್ಲ ಎಂದೆವು. ಹಾಗಾದರೆ ಏನೂ ಇಲ್ಲ, ಸ್ನಾಯು ಹಿಡಿದಿರಬೇಕು ಎಂದರು. ನಾಲ್ಕು ದಿನ ಬಿಟ್ಟು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದರು. ಒಬ್ಬ ಕಿರಿಯ ವೈದ್ಯರು ಬೆನ್ನು ನೋಡಿದರು, ಎಕ್ಸ್‌ರೇ ತೆಗೆಸಿದರು, ಎಲ್ಲ ಸರಿಯಾಗಿದೆ ಎಂದರು. ನೋವಿನ ಇನ್ನೊಂದು ಮಾತ್ರೆ ಬರೆದುಕೊಟ್ಟು, ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದೀರಿ ಎಂದು ಮರಾಠಿಯಲ್ಲಿ ಹೇಳಿದರು. ನಾನು ಅವರಿಗೆ ನನ್ನ ಅರೆಬರೆ ಮರಾಠಿಯಲ್ಲಿ ಹೇಳಬಲ್ಲೆನಾದದ್ದು ಒಂದೇ ಶಬ್ದ: ನೋವು. ಆಪರೇಷನ್ನಿಗೆ ಮೊದಲೂ ನಾನು ಅದೇ ಶಬ್ದ ಹೇಳಿದ್ದೆ.

ಈ ಒಂದು ಶಬ್ದದ ಬಗ್ಗೆ ಮುಂದೆ ಬಹಳ ಯೋಚಿಸಿದ್ದೇನೆ. ನಾನು ಏಳನೆಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವಳು. ಎರಡು ಭಾಷೆಯಲ್ಲಿ ಬೆಳೆದವರಿಗೆ ನೋವಿಗೆ ಎರಡು ಪಟ್ಟು ಮಾತುಗಳಿರುತ್ತವೆ. ಸೆಳೆತ, ಹಿಂಡಿಕೆ, ಚಳಕು, ಉರಿ, ಕುಟುಕು, ಜೋಮು. ಅತ್ತ ದರ್ದ್, ಟೀಸ್, ಜಲನ್, ಚುಭನ್. ಇವೆಲ್ಲ ಬೇರೆ ಬೇರೆ ಅನುಭವಗಳು. ಗಡಿ ದಾಟಿ ಗಡಿಬಿಡಿಯ ಆಸ್ಪತ್ರೆಯೊಂದರ ಮೇಜಿನ ಮುಂದೆ ನಿಂತಾಗ ಇವೆಲ್ಲ ಸೇರಿ ಒಂದೇ ಶಬ್ದವಾಗುತ್ತವೆ. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಅದು ಇನ್ನೂ ಚಿಕ್ಕದಾಗುತ್ತದೆ. ಆಪರೇಷನ್ ಆದವರಿಗೆ ನೋವು ಇದ್ದೇ ಇರುತ್ತದೆ ಎಂದು ಕಡತ ಮುಚ್ಚಿ ಹೋಗುತ್ತದೆ.

ಮನೆಯಲ್ಲಿ ಕಾರಣಗಳಿಗೆ ಕೊರತೆ ಇರಲಿಲ್ಲ. ಬೇಗ ಎದ್ದು ಓಡಾಡಿದಳು ಎಂದರು ಕೆಲವರು. ಮಲಗಿಯೇ ಇದ್ದಳು, ಅದಕ್ಕೇ ಹಿಡಿಯಿತು ಎಂದರು ಕೆಲವರು. ನಜರ್ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ನನ್ನ ಫೂಫಿ ತಲೆಯ ಹತ್ತಿರ ಕೂತು, ಸಬರ್ ಕರ್ ಬೇಟಿ, ಸಬರ್ ಕರ್, ಎನ್ನುತ್ತಿದ್ದರು. ಪಕ್ಕದ ಮನೆಯ ಅಜ್ಜಿ ರೊಟ್ಟಿ ಪಲ್ಯ ತಂದಿಟ್ಟು, ತಾಳಿದವರು ಬಾಳ್ತಾರ ತಂಗಿ, ಎನ್ನುತ್ತಿದ್ದರು. ಇಬ್ಬರೂ ಪ್ರೀತಿಯಿಂದಲೇ ಹೇಳಿದರು. ಆ ಪ್ರೀತಿಯ ನಡುವೆ ಎರಡು ವಾರ ಕಳೆಯಿತು.

ಕೊನೆಗೆ ಅಥಣಿಯ ಒಬ್ಬ ವಯಸ್ಸಾದ ವೈದ್ಯರ ಹತ್ತಿರ ಕರೆದೊಯ್ದರು. ಅವರು ಬೆನ್ನಿನ ತಜ್ಞರಲ್ಲ. ಮೊದಲು ಗಾಯ ನೋಡಲಿಲ್ಲ, ಸ್ಟೂಲು ಎಳೆದುಕೊಂಡು ಕೂತು ಕೇಳಿದರು: “ತಂಗಿ, ಆಪರೇಷನ್ ಮೊದಲ ಇದ್ದ ನೋವು, ಈಗಿನ ನೋವು ಎರಡೂ ಒಂದ ಏನು, ಬ್ಯಾರೆ ಬ್ಯಾರೆ ಏನು?”

“ಬ್ಯಾರೆ. ಆ ನೋವು ಕಾಲಾಗ ಹರೀತಿತ್ತು ಡಾಕ್ಟರ್. ಇದು ಟೊಂಕದಾಗ ಕುಂತದ.”

“ನಡುವ ಎಷ್ಟ ದಿನ ಆರಾಮ ಇದ್ದಿ?”

“ಹದಿನೇಳು ದಿನ.”

“ರಾತ್ರಿ?”

“ರಾತ್ರಿ ಹೆಚ್ಚು.”

ಅಷ್ಟೇ. ಅವರು ಒಂದು ರಕ್ತಪರೀಕ್ಷೆ ಬರೆದರು. ದೇಹದಲ್ಲಿ ಉರಿಯೂತ ಇದ್ದಾಗ ಏರುವ ಸಿಆರ್‌ಪಿ ಎಂಬ ಅಂಶದ ಪರೀಕ್ಷೆ. ಆರರೊಳಗೆ ಇರಬೇಕಾದದ್ದು ನನ್ನಲ್ಲಿ ತೊಂಬತ್ತು ದಾಟಿತ್ತು. ಇದು ಬಿಲ್ಲೆಗೆ ತಗಲಿದ ನಂಜು ಇರಬಹುದು, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ, ಅಲ್ಲಿಯವರೆಗೆ ಯಾವ ಆ್ಯಂಟಿಬಯೋಟಿಕ್ ಮಾತ್ರೆಯನ್ನೂ ನುಂಗಬೇಡಿ ಎಂದು ಚೀಟಿ ಬರೆದುಕೊಟ್ಟರು.

ವೈದ್ಯರು ಇದಕ್ಕೆ ಡಿಸ್ಕೈಟಿಸ್ ಎನ್ನುತ್ತಾರೆ. ಬಿಲ್ಲೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಇದು ಅಪರೂಪ. ಒಂದೊಂದು ಕಡೆಯ ಲೆಕ್ಕ ಒಂದೊಂದು ಬಗೆ. ಸಾವಿರಕ್ಕೆ ಒಬ್ಬರಿಂದ ಹಿಡಿದು ನೂರಕ್ಕೆ ಮೂರು ನಾಲ್ಕು ಜನರವರೆಗೆ ಹೇಳುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ದೇಹದ ತೂಕ ಹೆಚ್ಚಿದ್ದವರಿಗೆ, ಸ್ಟಿರಾಯ್ಡ್ ಔಷಧ ತೆಗೆದುಕೊಳ್ಳುವವರಿಗೆ ಅಪಾಯ ಜಾಸ್ತಿ. ಹೆಚ್ಚಾಗಿ ಕಾಣುವ ರೋಗಾಣು ಸ್ಟ್ಯಾಫಿಲೋಕಾಕಸ್ ಆರಿಯಸ್. ಇದು ದೂರದಿಂದ ಬರುವ ಶತ್ರುವಲ್ಲ. ಆರೋಗ್ಯವಂತರಲ್ಲೇ ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಚಾಕು ಚರ್ಮ ತೆರೆದಾಗ ಅದಕ್ಕೆ ಒಳಗೆ ಹೋಗಲು ದಾರಿ ಸಿಗುತ್ತದೆ.

ಬೇರೆ ಗಾಯದಲ್ಲಿ ನಂಜಾದರೆ ಬೇಗ ಕಣ್ಣಿಗೆ ಕಾಣುತ್ತದೆ. ಬಿಲ್ಲೆಯ ನಂಜು ಯಾಕೆ ಕಾಣುವುದಿಲ್ಲ? ಬೆಳೆದವರ ಬೆನ್ನಿನ ಬಿಲ್ಲೆಯೊಳಗೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಹಾರ ಮೇಲೆ ಕೆಳಗಿನ ಎಲುಬುಗಳಿಂದ ನಿಧಾನವಾಗಿ ಜಿನುಗಿ ಬರುತ್ತದೆ. ರಕ್ತ ಹರಿಯದ ಕಡೆಗೆ ರೋಗದ ವಿರುದ್ಧ ಹೋರಾಡುವ ಬಿಳಿ ಕಣಗಳು ಬೇಗ ಬರುವುದಿಲ್ಲ, ಔಷಧವೂ ಬೇಗ ತಲುಪುವುದಿಲ್ಲ. ಹಾಗಾಗಿ ಸ್ವಲ್ಪವೇ ರೋಗಾಣು ಸಾಕು, ಅದು ಅಲ್ಲಿ ಕೂತು ನಿಧಾನವಾಗಿ ಬೆಳೆಯುತ್ತದೆ. ಮೇಲಿನ ಚರ್ಮ ತನ್ನ ಪಾಡಿಗೆ ತಾನು ಒಣಗಿರುತ್ತದೆ. ಬಹಳ ರೋಗಿಗಳಿಗೆ ಜ್ವರವೇ ಬರುವುದಿಲ್ಲ. ರಕ್ತದ ಬಿಳಿ ಕಣಗಳ ಎಣಿಕೆಯೂ ಸರಿಯಾಗಿಯೇ ಇರಬಹುದು. ಎಕ್ಸ್‌ರೇಯಲ್ಲಿ ಎಲುಬು ಸವೆದದ್ದು ಕಾಣಲು ವಾರಗಳೇ ಬೇಕು. ಈ ಅವಧಿಯಲ್ಲಿ ಒಳಗಿನ ಸುದ್ದಿ ಹೇಳಬಲ್ಲದ್ದು ನೋವು ಮಾತ್ರ.

ಆ ನೋವಿಗೆ ತನ್ನದೇ ಆದ ನಡೆ ಇದೆ. ಆಪರೇಷನ್ ಆದ ಮೇಲೆ ಆರಾಮ, ಆಮೇಲೆ ಒಂದರಿಂದ ನಾಲ್ಕು ವಾರದೊಳಗೆ ಹೊಸದಾಗಿ ಟೊಂಕದಲ್ಲಿ ನೋವು, ಗಾಯಕ್ಕೆ ಹೋಲಿಸಿದರೆ ಅತಿಯೆನಿಸುವ ನೋವು, ಮಲಗಿದರೂ ಕಡಿಮೆಯಾಗದ ನೋವು. ಶಸ್ತ್ರಚಿಕಿತ್ಸೆ ಆದ ಎರಡು ಮೂರನೆಯ ದಿನ ಯಾರಿಗಾದರೂ ಸಿಆರ್‌ಪಿ ಏರಿರುತ್ತದೆ, ಸುಮಾರು ಎರಡು ವಾರದಲ್ಲಿ ಇಳಿಯುತ್ತದೆ. ಇಳಿಯಬೇಕಾದ ಹೊತ್ತಿಗೆ ಅದು ಏರುತ್ತಿದ್ದರೆ ಅದು ಎಚ್ಚರಿಕೆ. ಆಮೇಲೆ ಬಣ್ಣದ ಔಷಧ ಕೊಟ್ಟು ಎಂಆರ್‌ಐ ತೆಗೆದರೆ ಬಿಲ್ಲೆಯೂ ಅದರ ಮೇಲೆ ಕೆಳಗಿನ ಮಣಿಗಳೂ ಕೆರಳಿರುವುದು ಕಾಣುತ್ತದೆ. ಇಷ್ಟಕ್ಕೇ ನಿಲ್ಲಬಾರದು. ಸೂಜಿ ಹಾಕಿ ಒಳಗಿನ ಮಾದರಿ ತೆಗೆದು ಯಾವ ರೋಗಾಣು, ಅದಕ್ಕೆ ಯಾವ ಔಷಧ ಎಂದು ನೋಡಬೇಕು. ಮೊದಲೇ ಆ್ಯಂಟಿಬಯೋಟಿಕ್ ನುಂಗಿದವರಲ್ಲಿ ರೋಗಾಣು ಅಡಗಿಬಿಡುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಅಥಣಿಯ ವೈದ್ಯರು ಮಾತ್ರೆ ಬೇಡ ಎಂದದ್ದು ಇದಕ್ಕೇ. ನಮ್ಮ ದೇಶದಲ್ಲಿ ಈ ಮಾದರಿ ತೆಗೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೆನ್ನುಮೂಳೆಯ ಕ್ಷಯ ಇಲ್ಲಿ ಸಾಮಾನ್ಯ, ಅದೂ ಹೀಗೆಯೇ ಟೊಂಕ ಹಿಡಿಯುತ್ತದೆ. ಹಸಿ ಹಾಲು ಕುಡಿಯುವ, ದನಕರುಗಳ ಜೊತೆ ದುಡಿಯುವ ಹಳ್ಳಿಗಳಲ್ಲಿ ಬ್ರುಸೆಲ್ಲೋಸಿಸ್ ಕೂಡ ಹೀಗೆ ಬರಬಹುದು. ಮೂರಕ್ಕೂ ಔಷಧ ಬೇರೆ ಬೇರೆ.

ನನ್ನಲ್ಲಿ ಸಿಕ್ಕಿದ್ದು ಅದೇ ಸ್ಟ್ಯಾಫಿಲೋಕಾಕಸ್. ನಾಲ್ಕು ವಾರ ರಕ್ತನಾಳದ ಮೂಲಕ, ಆಮೇಲೆ ಮತ್ತೆ ನಾಲ್ಕು ವಾರ ಮಾತ್ರೆಯ ರೂಪದಲ್ಲಿ ಔಷಧ ಕೊಟ್ಟರು. ಇಂಥ ಬೆನ್ನುಮೂಳೆಯ ಸೋಂಕಿಗೆ ಹಿಂದೆ ಮೂರು ತಿಂಗಳು ಔಷಧ ಕೊಡುವ ರೂಢಿ ಹೆಚ್ಚಿತ್ತು. ಫ್ರಾನ್ಸಿನ ಆಸ್ಪತ್ರೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಬಹಳ ರೋಗಿಗಳಿಗೆ ಆರು ವಾರದ ಔಷಧವೂ ಹನ್ನೆರಡು ವಾರದಷ್ಟೇ ಫಲ ಕೊಡುತ್ತದೆ ಎಂದು ತೋರಿಸಿತು. ಯಾರಿಗೆ ಎಷ್ಟು ಎಂಬುದನ್ನು ರೋಗಾಣುವಿನ ಬಗೆ, ಸಿಆರ್‌ಪಿ ಇಳಿಯುವ ರೀತಿ ನೋಡಿ ವೈದ್ಯರೇ ನಿರ್ಧರಿಸಬೇಕು. ಹೆಚ್ಚಿನವರು ಔಷಧದಿಂದಲೇ ಗುಣವಾಗುತ್ತಾರೆ. ತಡವಾದರೆ ನಂಜು ನರಗಳಿರುವ ಕಾಲುವೆಗೆ ಇಳಿದು ಕೀವುಗಟ್ಟಬಹುದು, ಕಾಲು ಬಿದ್ದು ಹೋಗಬಹುದು, ರಕ್ತಕ್ಕೆ ಹಬ್ಬಿ ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ಎರಡು ವಾರ ಎಂದರೆ ಸಣ್ಣ ಅವಧಿಯಲ್ಲ.

ನನ್ನ ಕಾಲು ಉಳಿಯಿತು. ಮನೆಯ ಎರಡು ಎಮ್ಮೆ ಹೋದವು, ನನ್ನ ನಾಲ್ಕು ಬಳೆ ಹೋದವು. ಸೋಂಕು ತಗಲಿದ ಜಾಗದ ಎರಡು ಮಣಿಗಳು ಈಗ ಕೂಡಿಕೊಂಡು ಒಂದೇ ಎಲುಬಾಗಿವೆ. ಈ ಕಾಯಿಲೆ ಮಾಯುವ ಸಾಮಾನ್ಯ ರೀತಿಯೇ ಅದು. ಬಗ್ಗಿ ಕಸ ಗುಡಿಸಲಾರೆ, ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತೇನೆ, ನಿಂತುಕೊಂಡು ಬರೆಯುತ್ತೇನೆ.

ಇದು ಬಡವರಿಗೆ, ಹಳ್ಳಿಯವರಿಗೆ ಮಾತ್ರ ಆಗುವ ಸಂಗತಿ ಎಂದು ಯಾರೂ ತಿಳಿಯಬೇಕಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ 1954ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದಾದ ಕೆಲವೇ ದಿನಗಳಲ್ಲಿ ಸೋಂಕು ತಗಲಿ ಅವರು ಪ್ರಜ್ಞೆ ತಪ್ಪಿದರು, ಪಾದ್ರಿಯನ್ನು ಕರೆಸಿ ಅಂತಿಮ ವಿಧಿಯನ್ನೂ ನಡೆಸಿದರು. 1955ರ ಫೆಬ್ರವರಿಯಲ್ಲಿ ಮತ್ತೆ ಬೆನ್ನು ತೆರೆದು ಒಳಗೆ ಕೂರಿಸಿದ್ದ ಲೋಹದ ಪಟ್ಟಿಯನ್ನು ತೆಗೆಯಬೇಕಾಯಿತು. ಹಣ, ಹೆಸರು, ಒಳ್ಳೆಯ ಆಸ್ಪತ್ರೆ ಯಾವುದೂ ಸೋಂಕು ಬಾರದೆಂಬ ಭರವಸೆ ಕೊಡುವುದಿಲ್ಲ. ಆದ್ದರಿಂದ ಸೋಂಕು ಬಂದದ್ದಕ್ಕೇ ವೈದ್ಯರನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ.

ಆದರೆ ಸೋಂಕನ್ನು ಕಡಿಮೆ ಮಾಡುವ ದಾರಿಗಳು ಗೊತ್ತಿವೆ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ 1847ರಲ್ಲಿ ಸೆಮ್ಮೆಲ್ವೈಸ್ ವೈದ್ಯರ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿ ತೋರಿಸಿದ. ಜೊತೆಗಾರರು ಅವನನ್ನು ನಂಬಲಿಲ್ಲ. 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ಶುದ್ಧ ಮಾಡುವ ಕ್ರಮವನ್ನು ಪ್ರಕಟಿಸಿದ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ, ಚಾಕು ಹಾಕುವ ಮೊದಲಿನ 60 ನಿಮಿಷದೊಳಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದೀರಾ ಎಂಬ ಪ್ರಶ್ನೆಯೂ ಇದೆ. ಇವೆಲ್ಲ ಆದ ಮೇಲೂ ಸೋಂಕು ಬಂದೀತು. ಬಂದಾಗ ಅದನ್ನು ಹಿಡಿಯುವ ಮೊದಲ ಪರೀಕ್ಷೆಗೆ ಯಂತ್ರ ಬೇಡ, ಹಣ ಬೇಡ. ಸ್ಟೂಲು ಎಳೆದುಕೊಂಡು ಕೂತು ಕೇಳುವ ಐದು ನಿಮಿಷ ಬೇಕು.

ಈಗ ಸಬರ್ ಎಂಬ ಮಾತಿಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಇದು ಬಹಳ ಬಳಕೆಯ ಮಾತು. ಅದರಲ್ಲೂ ಹೆಂಗಸರಿಗೆ ಹೇಳುವ ಮಾತು. ಮಲಗಿದ್ದ ಆ ಎರಡು ತಿಂಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದವರು ಪ್ರವಾದಿ ಅಯ್ಯೂಬ್(ಅ). ಸಹನೆಗೆ ನಾವು ಕೊಡುವ ಮೊದಲ ಉದಾಹರಣೆ ಅವರೇ. ಆದರೆ ಅವರು ಬಾಯಿ ಮುಚ್ಚಿಕೊಂಡಿರಲಿಲ್ಲ. ತನಗೆ ಸಂಕಟ ಬಂದಿದೆ ಎಂದು ಒಡೆಯನಿಗೆ ಬಾಯಿಬಿಟ್ಟು ಹೇಳಿಕೊಂಡರು ಎಂದು ಕುರ್‌ಆನಿನಲ್ಲೇ ಇದೆ. ಹಾಗೆ ಹೇಳಿಕೊಂಡವರನ್ನೇ ಸಹನಶೀಲರೆಂದು ಅಲ್ಲಾಹನು ಹೊಗಳಿದ್ದಾನೆ. ಅಂದರೆ ನೋವನ್ನು ಹೇಳುವುದೂ ಸಬರ್ ಇರುವುದೂ ಒಂದಕ್ಕೊಂದು ವಿರೋಧವಲ್ಲ. ಎಂಟು ವಾರ ದಿನದಿನವೂ ಸೂಜಿ, ಮಾತ್ರೆ, ಬೆಲ್ಟು ಸಹಿಸಿಕೊಂಡು ಒಂದು ಹೊತ್ತೂ ಔಷಧ ತಪ್ಪಿಸದೆ ಇರುವುದಕ್ಕೆ ಸಬರ್ ಬೇಕು. ಅಲ್ಲಿ ಅದು ದೊಡ್ಡ ಬಲ. ಕಾಯಿಲೆ ಏನೆಂದು ಗೊತ್ತಾಗುವ ಮೊದಲೇ ಸುಮ್ಮನಿರಿಸಲು ಬಳಸಿದರೆ ಅದೇ ಮಾತು ನಂಜಿಗೆ ಕಾಲಾವಕಾಶ ಕೊಡುತ್ತದೆ.

ಟೊಂಕದ ಆಪರೇಷನ್ ಆಗಿ ಬಂದವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಹೊಲಿಗೆ ಒಣಗಿತೇ ಎಂದು ಕೇಳಿ ಎದ್ದು ಬರಬೇಡಿ. ಮೊದಲಿನ ನೋವು ಎಲ್ಲಿತ್ತು, ಈಗಿನ ನೋವು ಎಲ್ಲಿದೆ, ನಡುವೆ ಎಷ್ಟು ದಿನ ಆರಾಮ ಇತ್ತು, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಅವರದೇ ಭಾಷೆಯಲ್ಲಿ ಕೇಳಿ. ಅವರು ಹೇಳಿದ್ದನ್ನು ಹಾಗೆಯೇ ಒಂದು ಕಾಗದದ ಮೇಲೆ ದಿನಾಂಕ ಹಾಕಿ ಬರೆದುಕೊಳ್ಳಿ. ಆರಾಮಾದ ಮೇಲೆ ಹೊಸ ನೋವು ಬಂದಿದ್ದರೆ, ಜ್ವರ ಇರಲಿ ಬಿಡಲಿ, ಆ ಕಾಗದದ ಜೊತೆಗೇ ವೈದ್ಯರ ಮುಂದೆ ಕೂರಿಸಿ, ಸಿಆರ್‌ಪಿ ನೋಡಿದ್ದೀರಾ ಎಂದು ಕೇಳಿ. ಹಾಗೆ ಕೇಳುವುದು ಅವಿಶ್ವಾಸವಲ್ಲ. ನಮ್ಮ ಕಡೆಯ ರೋಗಿ ಗಡಿ ದಾಟುವಾಗ ಕಳೆದುಕೊಳ್ಳುವ ಮಾತುಗಳನ್ನು ಅವರಿಗೆ ಮರಳಿ ಕೊಡುವ ಕೆಲಸ ಅದು. ಅದನ್ನು ಮಾಡಲು ವೈದ್ಯರೇ ಆಗಬೇಕೆಂದಿಲ್ಲ.